ಎನ್.ಟಿ. ಕಾರು

ಕಾರಿನ ಹಿಂದಿನ ಸೀಟು ಕಾರಿನೊಳಗೇ ಇದ್ದಿದ್ದರೆ ಅಮೋಗಸಿದ್ದನಿಗೆ ಅಂಥ ಐತವಾರ ಬರುತ್ತಿರಲಿಲ್ಲ. ಆದರೆ ಸೀಟು ದರಿಬಡಚಿಯ ಅವನ ಮನೆಯ ಕಟ್ಟೆಯ ಮೇಲಿತ್ತು. ಅದರ ಮೇಲೆ ಅವನ ತಾಯಿ ಅಕ್ಕವ್ವ ಒಂದು ಕಾಲು ಮಡಚಿ, ಒಂದು ಕಾಲು ಇಳಿಬಿಟ್ಟು, ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ವಿಚಾರಣೆ ನಡೆಸುತ್ತ ತಹಸೀಲ್ದಾರರ ಹಾಗೆ ಕೂತಿರುತ್ತಿದ್ದಳು.

ಕಾರು ಮೂಲತಃ ಯಳವಿಯ ಮಾವನದು. ಹಳೆಯ ಬಿಳಿ ಮಾರುತಿ. ಮಾವನ ಕಣ್ಣಿಗೆ ಪೊರೆ ಬಂದು, ಎದುರಿಗೆ ಬರುತ್ತಿರುವುದು ಎಮ್ಮೆಯೋ ಬಸ್ಸೋ ತಿಳಿಯದಾದಾಗ, "ತಗೊಂಡ ಹೋಗಪಾ" ಎಂದು ಅಳಿಯನಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದ. ಅಮೋಗಸಿದ್ದ ಮಾಡಿದ ಮೊದಲ ಕೆಲಸ ಹಿಂದಿನ ಸೀಟು ಕಿತ್ತದ್ದು. ಕುರಿಮರಿಗಳನ್ನು ಸಂತೆಗೆ ಒಯ್ಯಬೇಕಲ್ಲ! ಎರಡನೆಯದು, ಗೆಳೆಯ ಸಿಕಂದರನ ಗ್ಯಾರೇಜಿಗೆ ಒಯ್ದು ಗಾಡಿಯನ್ನು ಗೇಣುದ್ದ ಎತ್ತರಿಸಿದ್ದು. ದರಿಬಡಚಿಯ ರಸ್ತೆಯಲ್ಲಿ ಕಲ್ಲುಗಳ ನಡುವೆ ರಸ್ತೆಯನ್ನು ಹುಡುಕಬೇಕು, ಅದಕ್ಕೆ. ಮೂರನೆಯದಕ್ಕೆ ಶೋಕಿಯ ಹೊರತು ಕಾರಣವಿರಲಿಲ್ಲ. ಸೈಲೆನ್ಸರ್ ಬಿಚ್ಚಿಸಿ ದಪ್ಪನೆಯ ಪೈಪು ಹಾಕಿಸಿದ್ದ. ಅಂದಿನಿಂದ ಗಾಡಿ ಶುರುವಾದರೆ ನೆಗಡಿ ಹಿಡಿದ ಕೋಣ ಹರಿಕಥೆ ಮಾಡಿದ ಹಾಗೆ ಸದ್ದು.

ಇಂಥ ಗಾಡಿಯಲ್ಲಿ ಹೆಂಡತಿ ನಂದಾಳನ್ನು ಅವಳ ತವರಿನ ತೊಟ್ಟಿಲ ಕಾರ್ಯಕ್ಕೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ಗೋಣಿಚೀಲದ ಮೇಲೆ ಸೊಸೆ.

"ಹತ್ತ ಮಂದ್ಯಾಗ ನಮ್ಮ ವೈನಿ ನನ್ನ ರೇಷ್ಮಿ ಸೀರಿಗಿ ಹತ್ತಿದ ಕುರಿಹಿಕ್ಕಿ ಝಾಡಿಸಿ ಝಾಡಿಸಿ ಉದುರಿಸಿದ್ಲರಿ," ಎಂದು ಮನೆಗೆ ಬಂದ ನಂದಾ ಸೆರಗು ಸಿಗಿಸಿ ನಿಂತಳು. "ನಮ್ಮಪ್ಪನ ಗಾಡಿ ನಮ್ಮ ಬೀರೂಗ ಹೊಳ್ಳಿ ಕೊಟ್ಟಬಿಡ್ರಿ. ಅಂವ ಸೀಟರೆ ಕೂಡಸ್ತಾನ."

"ಗಾಡಿ ಅಂದ್ರ ಸೀಟಲ್ಲ ನಂದಾ, ಹೊಡ್ಯೂ ಕೈ! ಈ ಜತ್ತ ತಾಲೂಕಿನ್ಯಾಗ ನನ್ನಂಗ ಹೊಡ್ಯಾಂವ ಇನ್ನೊಬ್ಬ ಇದ್ರ ತೋರಸು."

"ನಾ ಯಾಕ ತೋರಸ್ಲಿ? ಐತವಾರ ಜತ್ತದ ಮಾಳದಾಗ ಕಾರಿನ ಶರ್ಯತ್ತ ಅದ ಅಂತ ಊರೆಲ್ಲಾ ಹೇಳ್ತದ. ಒಂದ ಕಪ್ಪ ಗೆದ್ದ ಬರ್ರಿ. ಗಾಡಿ ನಿಮ್ದು, ನಾ ಗೋಣಿಚೀಲದ ಮ್ಯಾಲೆ ಕಾಶಿಗೂ ಬರತೀನಿ. ಕಪ್ಪ ಬರಲಿಲ್ಲ, ಅವತ್ತ ಸಂಜಿಕ ಕೀಲಿ ಬೀರೂನ ಕೈಯಾಗ."

ಮಾತು ನಾಲಿಗೆ ಜಾರಿ ಬಂದರೂ ಗಂಡಸಿನ ಮಾತು. ಅಮೋಗಸಿದ್ದ ಹೂಂ ಅಂದ.

ಐತವಾರ ಹೊತ್ತು ಮೂಡುವ ಮೊದಲೇ ನಂದಾಳ ತಮ್ಮ ಬೀರು ಯಳವಿಯಿಂದ ಬಂದು ಕಟ್ಟೆಯ ಮೇಲೆ, ಅಕ್ಕವ್ವನ ಪಕ್ಕದಲ್ಲೇ ಕೂತುಬಿಟ್ಟಿದ್ದ. ತಲೆಗೆ ಎಣ್ಣೆ, ಇಸ್ತ್ರಿ ಅಂಗಿ. ಹೆಣ್ಣು ನೋಡಲು ಬಂದ ವರನ ಹಾಗೆ ಕಾರನ್ನೇ ನೋಡುತ್ತಿದ್ದ.

"ಮಾಮಾ, ನೀವು ಆರಾಮ ಹೋಗಿ ಬರ್ರಿ. ನಾ ಸಂಜಿತನಕ ಇಲ್ಲೇ ಇರತೀನಿ. ಬರೂಮುಂದ ಪೆಟ್ರೋಲ ಟಾಕಿ ತುಂಬಿಸಿಕೊಂಡ ಬರ್ರಿ, ನನಗ ದೂರ ಹೋಗೂದದ."

ಅಮೋಗಸಿದ್ದ ಗಾಡಿ ಶುರುಮಾಡಿದ. ಕೋಣ ಕೆಮ್ಮಿತು. ಸಿಕಂದರ ರಿಪೇರಿಯ ಪಾನೆ-ಪಕ್ಕಡಗಳೊಂದಿಗೆ ಹಿಂದೆ ಗೋಣಿಚೀಲದ ಮೇಲೆ ಕೂತ. ಮುಂದಿನ ಸೀಟಿಗೆ, ಯಾರೂ ಕರೆಯದಿದ್ದರೂ, ಶಿದ್ರಾಯಕಾಕಾ ಹತ್ತಿದ. ಶಿದ್ರಾಯನ ಉದ್ಯೋಗ ತಹಸೀಲ ಕಚೇರಿಯ ಹೊರಗಿನ ಬೇವಿನ ಮರದ ಕೆಳಗೆ. ಜಾತಿಯ ದಾಖಲೆ, ಉತ್ಪನ್ನದ ದಾಖಲೆ, ಯಾವುದೇ ಇರಲಿ, ಅವನ ಕೈ ತಾಗದೆ ಹೊರಬರುತ್ತಿರಲಿಲ್ಲ. ಜಗತ್ತಿನಲ್ಲಿ ಎರಡೇ ಬಗೆಯ ಜನ ಎಂದು ಅವನ ನಂಬಿಕೆ: ಸರ್ಟಿಫಿಕೇಟು ಇದ್ದವರು, ಮಾಡಿಸಬೇಕಾದವರು.

"ಶರ್ಯತ್ತಂದ್ರ ಅರ್ಜಿ ಬಂತು. ಅರ್ಜಿ ಅಂದ್ರ ನಾ ಬೇಕು," ಎಂದ ಶಿದ್ರಾಯ, ಬಾಗಿಲು ಎಳೆದುಕೊಳ್ಳುತ್ತ.

ಜತ್ತದ ಹೊರಗಿನ ಆ ಮಾಳ ತಲೆಮಾರುಗಳಿಂದ ಕುರಿ ಮೇಯುವ ಜಾಗ. ಅದನ್ನು ಕೇಳಿದಾಗೆಲ್ಲ ಸರಕಾರ ಕುರುಬರಿಗೆ "ಇದು ಗಾಯರಾಣ, ಸರಕಾರಿ ಗೋಮಾಳ, ಬೇಲಿ ಹಾಕುವಂತಿಲ್ಲ, ಗುಡಿಸಲು ಕಟ್ಟುವಂತಿಲ್ಲ" ಎಂದು ಕಾಯಿದೆ ಓದುತ್ತಿತ್ತು. ಸಾಂಗಲಿಯ ಕಾರುಹುಚ್ಚಿನ ಹುಡುಗರ ಕ್ಲಬ್ಬಿಗೆ ಮಾತ್ರ ಒಂದೇ ಫೋನಿಗೆ ಸಿಕ್ಕಿತ್ತು. ಅವರು ಸುಣ್ಣದ ಗೆರೆ ಎಳೆದು, ಕೇಸರಿ ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಸಾಲಾಗಿ ನೆಟ್ಟಿದ್ದರು. ಆಟೊಕ್ರಾಸ್ ಎಂದರೆ ಇಷ್ಟೇ: ಒಂದೊಂದೇ ಗಾಡಿ ಬಿಡುತ್ತಾರೆ. ಟೊಪ್ಪಿಗೆ ಬೀಳಿಸದೆ, ಹಾವು ಹರಿದ ಹಾಗೆ ಹರಿದು, ಎಲ್ಲರಿಗಿಂತ ಬೇಗ ಬಂದವನಿಗೆ ಕಪ್ಪು. ಒಂದೊಂದು ವರ್ಗಕ್ಕೆ ಒಂದೊಂದು ಕಪ್ಪು.

ಮಾಳಕ್ಕೆ ಇಳಿದದ್ದೇ ತಡ, ದೂರದಲ್ಲಿ ಮೇಯುತ್ತಿದ್ದ ಅಮೋಗಸಿದ್ದನ ಕುರಿಹಿಂಡು ತಲೆ ಎತ್ತಿತು. ಆ ಪೈಪಿನ ಸದ್ದು ಕೇಳಿದರೆ ಹಿಂಡಿಚೀಲ ಬಂತೆಂದು ಅವಕ್ಕೆ ಗೊತ್ತು. ಹಿಂಡಿಗೆ ಹಿಂಡೇ ಕಾರಿನ ಬೆನ್ನುಹತ್ತಿ ಓಡಿಬಂದು, ಸುಣ್ಣದ ಗೆರೆ ತುಳಿದು, ಟೊಪ್ಪಿಗೆಗಳನ್ನು ಉರುಳಿಸಿ, ನೋಂದಣಿಯ ಟೇಬಲ್ಲಿನ ಸುತ್ತ ನಿಂತು "ಬ್ಯಾ" ಎಂದಿತು.

ಟೇಬಲ್ಲಿನ ಹಿಂದೆ ಕೂತಿದ್ದವನು ಕ್ಲಬ್ಬಿನ ದತ್ತಾ. ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ. ಮಿರಜಿನಲ್ಲಿ ಬೆಳೆದವನಾದ್ದರಿಂದ ಮರಾಠಿಯ ನಡುವೆ ಒಂದಿಷ್ಟು ಕನ್ನಡವೂ ಬರುತ್ತಿತ್ತು.

"ದಾದಾ, ಇವೂ ನಿಮ್ಮ ಟೀಮಾ?" ಎಂದ.

"ಇಲ್ರಿ, ಪಬ್ಲಿಕ್," ಎಂದ ಅಮೋಗಸಿದ್ದ.

ಕುರಿಗಳನ್ನು ಅಟ್ಟಿ, ಟೊಪ್ಪಿಗೆ ಮತ್ತೆ ನೆಟ್ಟಾದ ಮೇಲೆ ಮೂವರೂ ಟೇಬಲ್ಲಿನ ಹಿಂದಿದ್ದ ಫಲಕದ ಮುಂದೆ ನಿಂತರು. ಅದರ ಮೇಲೆ ಮೂರು ವರ್ಗಗಳ ಹೆಸರು ಇತ್ತು: ಸ್ಟಾಕ್. ಎನ್.ಟಿ. ಓಪನ್.

ಸಾಂಗಲಿಯ ಹುಡುಗರ ಲೆಕ್ಕ ಸರಳವಾಗಿತ್ತು. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ ಸ್ಟಾಕ್. ಒಂದಿಷ್ಟು ಕೈಯಾಡಿಸಿದ, ಆದರೆ ಇಂಜಿನಿಗೆ ಗಾಳಿ ಊದಿ ಬಲ ಹೆಚ್ಚಿಸುವ ಟರ್ಬೊ ಎಂಬ ಚಕ್ರ ಇಲ್ಲದ ಗಾಡಿ ನಾನ್-ಟರ್ಬೊ. ಫಲಕದಲ್ಲಿ ಜಾಗ ಸಾಲದೆ ಎನ್.ಟಿ. ಉಳಿದದ್ದೆಲ್ಲ ಓಪನ್. ಆದರೆ ಮಹಾರಾಷ್ಟ್ರದಲ್ಲಿ ಹುಟ್ಟಿದ ಕುರುಬರ ಮಗನಿಗೆ ಎನ್.ಟಿ. ಎಂದರೆ ಏನೆಂದು ಯಾವ ಫಲಕವೂ ಕಲಿಸಬೇಕಿಲ್ಲ. ಸಾಲೆಯ ದಾಖಲೆಯಲ್ಲಿ, ರೇಶನ್ ಅಂಗಡಿಯಲ್ಲಿ, ನೌಕರಿಯ ಜಾಹೀರಾತಿನಲ್ಲಿ ಅವನ ಹೆಸರಿಗಿಂತ ಮೊದಲು ಬರೆಯುವ ಎರಡು ಅಕ್ಷರ ಅವು: ನೋಮ್ಯಾಡಿಕ್ ಟ್ರೈಬ್, ಅಲೆಮಾರಿ ಜಮಾತು. ಅಜ್ಜನ ಕಾಲದಿಂದ ದರಿಬಡಚಿ ಬಿಟ್ಟು ಕದಲದವರೂ ಕಾಗದದ ಮೇಲೆ ಇನ್ನೂ ಅಲೆಯುತ್ತಲೇ ಇದ್ದಾರೆ.

"ನೋಡ್ದೇನೋ," ಶಿದ್ರಾಯನ ಕಣ್ಣು ಅರಳಿತು. "ಶರ್ಯತ್ತಿನ್ಯಾಗೂ ನಮಗ ಜಾಗಾ ಇಟ್ಟಾರ!"

"ಕಾರಿಗಿ ಯಾಕ ಕಾಕಾ?" ಎಂದ ಅಮೋಗಸಿದ್ದ, ಸ್ವಲ್ಪ ಅನುಮಾನದಿಂದ.

"ಯಾಕಂದ್ರ? ಎಸ್.ಟಿ. ಕೊಡ್ರಿ, ಎಸ್.ಟಿ. ಕೊಡ್ರಿ ಅಂತ ನಾವು ಗಂಟ್ಲ ಹರಕೊಂಡ್ವಿ. ಏನ ಕೊಟ್ರು? ಸರಕಾರದ ಲಾಲ ಡಬ್ಬಿ ಎಸ್.ಟಿ. ಬಸ್ಸು, ಅದೂ ಮುಂಜಾನಿಗೊಮ್ಮಿ. ಹಂತಾದ್ರಾಗ ಇಲ್ಲಿ ತಾವಾಗೇ ಎನ್.ಟಿ. ಇಟ್ಟಾರಂದ್ರ ಬಿಡ್ತಾರೇನು? ಸ್ಟಾಕದಾಗ ಹೋಗಬ್ಯಾಡ; ಸ್ಟಾಕಂದ್ರ ಗೋದಾಮಿನ್ಯಾಗ ಉಳದ ಮಾಲ. ಓಪನ್‌ದಾಗಂತೂ ಕಾಲಿಡಬ್ಯಾಡ, ಮೆರಿಟ್ ಭಾಳ ಮ್ಯಾಲೆ ಹೋಗಿರತದ."

ಸಿಕಂದರ ಗಡ್ಡ ಕೆರೆದುಕೊಂಡ. "ನನಗ್ಯಾಕೋ ಎನ್.ಟಿ. ಅಂದ್ರ 'ನಯಾ ಟಾಯರ್' ಅನಸ್ತದ ದೋಸ್ತ. ನಿನ್ನ ಟಾಯರ್ ನೋಡಿದ್ರ ನಮ್ಮಪ್ಪನ ತಲಿ ಆಗ್ಯಾವ."

"ನೀ ಸುಮ್ಮಕಿರು ಭಾಯ್. ನಿನಗ ನಮ್ಮ ಕ್ಯಾಟೆಗರಿ ಏನ್ ಗೊತ್ತು?" ಎಂದು ಶಿದ್ರಾಯ ಗದರಿಸಿದ.

ಓಪನ್ ವರ್ಗದ ಗಾಡಿಗಳು ಆಚೆ ಸಾಲಾಗಿ ನಿಂತಿದ್ದವು. ಮೈತುಂಬ ಬಣ್ಣದ ಪಟ್ಟಿ, ಬೆನ್ನಿನ ಮೇಲೆ ರೆಕ್ಕೆ, ಒಳಗೆ ಕಬ್ಬಿಣದ ಪಂಜರ. ಅವುಗಳ ಮುಂದೆ ಅಮೋಗಸಿದ್ದನ ಮಾರುತಿ ಹುಲಿಗಳ ಮದುವೆಗೆ ಬಂದ ಆಡಿನ ಹಾಗೆ ಕಾಣುತ್ತಿತ್ತು. ಅವನು ಇನ್ನು ಯೋಚಿಸಲಿಲ್ಲ.

"ಕ್ಯಾಟೆಗರಿ?" ಎಂದ ದತ್ತಾ, ಪೆನ್ನು ಎತ್ತಿ.

"ಎನ್.ಟಿ."

"ವ್ಯಾಲಿಡಿಟಿ ಅದ?" ದತ್ತಾ ಕೇಳಿದ್ದು ಲೈಸನ್ಸಿನದು.

ಶಿದ್ರಾಯ ಇದಕ್ಕಾಗಿಯೇ ಹುಟ್ಟಿದವನ ಹಾಗೆ ಮುಂದೆ ಬಂದ. ಅಮೋಗಸಿದ್ದನ ಅಂಗಿಯ ಒಳಕಿಸೆಯಿಂದ ಪ್ಲಾಸ್ಟಿಕ್ ಹೊದಿಸಿದ ಕಾಗದವೊಂದನ್ನು ಎಳೆದು ಟೇಬಲ್ಲಿನ ಮೇಲೆ ಬಡಿದ. ಜಾತಿ ಪಡತಾಳಣಿಯ ಪ್ರಮಾಣಪತ್ರ, ಜನರ ಬಾಯಲ್ಲಿ ಅದೂ 'ವ್ಯಾಲಿಡಿಟಿ'ಯೇ. ನೀನು ಹೇಳಿಕೊಳ್ಳುವ ಜಾತಿಯವನೇ ನೀನು ಹೌದು ಎಂದು ಸರಕಾರ ವರ್ಷಗಟ್ಟಲೆ ಅಲೆಸಿ ಒಪ್ಪಿಕೊಟ್ಟ ಕಾಗದ. "ಸಾಂಗಲಿಗಿ ಅಡ್ಡಾಡಿ ಅಡ್ಡಾಡಿ ಮೂರು ಜೋಡಿ ಚಪ್ಪಲಿ ಹರದಾವ್ರಿ ಇದಕ್ಕ. ಒರಿಜಿನಲ್!"

ದತ್ತಾ ಕಾಗದ ನೋಡಿದ, ಅಮೋಗಸಿದ್ದನನ್ನು ನೋಡಿದ. "ಅಹೋ ದಾದಾ, ನಿಮ್ಮ ಜಾತಿ ಯಾರು ಕೇಳಿದ್ರು? ಗಾಡಿ ಯಾವ ವರ್ಗದ್ದು?"

"ಗಾಡಿ ನನ್ನದಂದಮ್ಯಾಲೆ ಅದರ ಜಾತಿ ಬ್ಯಾರೆ ಇರತದೇನ್ರಿ?"

ದತ್ತಾ ಇದನ್ನು ಒಳ್ಳೆಯ ಜೋಕು ಎಂದುಕೊಂಡು ಬಿದ್ದು ಬಿದ್ದು ನಕ್ಕ. ಬಗ್ಗಿ ಗಾಡಿಯನ್ನು ನೋಡಿದ: ಹಿಂದೆ ಸೀಟಿಲ್ಲ, ಸ್ಪ್ರಿಂಗ್ ಎತ್ತರ, ಪೈಪು ದಪ್ಪ. ಕೈಯಾಡಿಸಿದ್ದು ಹೌದು, ಟರ್ಬೊ ಈ ಜನ್ಮದಲ್ಲಿ ಇಲ್ಲ. "ಬರೋಬ್ಬರಿ, ಎನ್.ಟಿ.ನೇ," ಎಂದು ಬರೆದುಕೊಂಡು, "ನಿಮ್ಮ ವರ್ಗದಾಗ ಇನ್ನೂತನಕ ಯಾರೂ ಬಂದಿಲ್ಲ," ಎಂದ.

ಅಮೋಗಸಿದ್ದನ ಎದೆಯಲ್ಲಿ ಡೊಳ್ಳು ಬಾರಿಸಿತು. ಒಬ್ಬನೇ! ಎದುರಾಳಿ ಇಲ್ಲದ ಶರ್ಯತ್ತು! ನಡೆಸಿಕೊಂಡು ಹೋದರೂ ಕಪ್ಪು ತನ್ನದೇ. ಮೂವರೂ ವಡಾಪಾವಿನ ಗಾಡಿಯ ಹತ್ತಿರ ಹೋಗಿ ಕೂತರು. ಅವನು ನಂದಾಳಿಗೆ ಫೋನು ಮಾಡಿ, ಗೂಡಿನಲ್ಲಿ ಕಪ್ಪು ಇಡಲು ಜಾಗ ಮಾಡಿಡು ಎಂದ. ಬೀರೂಗೆ ಉಣ್ಣಲು ಹಾಕಿ ಕಳಿಸಿಬಿಡು ಎಂದೂ ಸೇರಿಸಿದ.

ಎರಡನೆಯ ವಡೆ ಬಾಯಲ್ಲಿರುವಾಗ ಮೈಕು ಕರೆಯಿತು. "ಎನ್.ಟಿ. ವರ್ಗದಲ್ಲಿ ಸಾಕಷ್ಟು ಗಾಡಿಗಳು ಬಾರದ ಕಾರಣ ಆ ವರ್ಗವನ್ನು ರದ್ದು ಮಾಡಿ, ಬಂದ ಒಂದು ಗಾಡಿಯನ್ನು ಓಪನ್‌ಗೆ ಸೇರಿಸಲಾಗಿದೆ."

ಶಿದ್ರಾಯನ ಕೈಯಿಂದ ಪಾವು ಬಿತ್ತು. ಅವನ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ಶಾಂತವಾಯಿತು. ಬಹಳ ದಿನದಿಂದ ಕಾಯುತ್ತಿದ್ದ ಶತ್ರು ಕಡೆಗೂ ಮನೆಗೆ ಬಂದಾಗ ಆಗುವ ಶಾಂತಿ.

"ಕೇಳ್ದೇನು? ಜಾಗಾ ಇಡೂದು, ತುಂಬಲಿಲ್ಲ ಅನ್ನೂದು, ಓಪನ್‌ಗೆ ಹೊಳ್ಳಸೂದು. ಇದು ಹಳೀ ಆಟ. ಸಾಲ್ಯಾಗ ಮಾಸ್ತರಕಿ ಹಿಂಗs ಹೋತು, ಬ್ಯಾಂಕಿನ್ಯಾಗ ಸಿಪಾಯಕಿ ಹಿಂಗs ಹೋತು. ಈಗ ಕಪ್ಪೂ ಹೊಂಟ್ತು!"

"ಕಾಕಾ, ನನಗ ಕಾರು ಹೋಗತದ," ಎಂದ ಅಮೋಗಸಿದ್ದ ಅಳುದನಿಯಲ್ಲಿ. ಅವನ ಕಣ್ಣಮುಂದೆ ಬೀರೂನ ಎಣ್ಣೆ ಹಚ್ಚಿದ ತಲೆ ಹೊಳೆಯುತ್ತಿತ್ತು.

"ಕಾರಲ್ಲೋ, ಹಕ್ಕು!" ಎಂದು ಶಿದ್ರಾಯ ಮೊಬೈಲು ಬಾಯಿಗೆ ಹಿಡಿದ. "ಸಮಾಜ ಬಾಂಧವರ! ಜತ್ತದ ಮಾಳದಾಗ ನಮ್ಮ ಎನ್.ಟಿ. ವರ್ಗ ರದ್ದ ಮಾಡ್ಯಾರ. ನಮ್ಮ ಹುಡುಗ ಅಮೋಗಸಿದ್ದಗ ಅನ್ಯಾಯ ಆಗೇದ. ಇದ್ದವರು ಇದ್ದಂಗ ಬರ್ರಿ!"

ಆ ದನಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಹೋಯಿತು. ಯಳವಿಗೆ ಮುಟ್ಟುವಾಗ ಅಮೋಗಸಿದ್ದನ ನೌಕರಿ ಹೋಗಿತ್ತು. ಬಿಳೂರಿಗೆ ಮುಟ್ಟುವಾಗ ಅವನು ಆಮರಣ ಉಪವಾಸ ಕೂತಿದ್ದ. ಉಪವಾಸಿ ಆ ಹೊತ್ತಿಗೆ ಸಂಕಟಕ್ಕೆ ಮೂರನೆಯ ವಡೆ ತಿನ್ನುತ್ತಿದ್ದ.

ನೋಡನೋಡುತ್ತ ಮಾಳದ ನಾಲ್ಕೂ ದಿಕ್ಕಿನಿಂದ ಧೂಳೆದ್ದಿತು. ಊರಿಂದೂರಿಗೆ ಮಂದಿಯನ್ನು ತುಂಬಿಕೊಂಡು ಓಡುವ ವಡಾಪಿನ ಜೀಪುಗಳು, ಹಾಲಿನ ಟೆಂಪೊಗಳು, ಟ್ರ್ಯಾಕ್ಟರುಗಳು. ಅವುಗಳ ತುಂಬ ಹೆಗಲಿಗೆ ಕಂಬಳಿ, ಹಣೆಗೆ ಭಂಡಾರದ ಅರಿಸಿನ, ಕೈಯಲ್ಲಿ ಡೊಳ್ಳು. "ಎನ್.ಟಿ. ನಮ್ಮ ಹಕ್ಕಿನದು! ಯಾರ ಅಪ್ಪನ ಸೊತ್ತಲ್ಲದು!" ಅಮೋಗಸಿದ್ದನನ್ನು ಎತ್ತಿ ಅವನ ಕಾರಿನ ಟಾಪಿನ ಮೇಲೆ ನಿಲ್ಲಿಸಿದರು. ಟಾಪು ಒಳಗೆ ತಗ್ಗಿತು. ಮುಂದೆ ನಿಂತವನೇ ಕೂಗಬೇಕೆಂಬುದು ಚಳವಳಿಯ ನಿಯಮ. ಅವನು ಕೂಗಿದ, ಮಾಳ ಮರುಕೂಗಿತು. ಎರಡನೆಯ ಸಲ ಕೂಗುವಾಗ ಅವನಿಗೆ ಸ್ವಲ್ಪ ರುಚಿಯೂ ಹತ್ತಿತು.

ಓಪನ್ ವರ್ಗದ ಹುಲಿಗಳು ತಮ್ಮ ಪಂಜರದೊಳಗೆ ಹೊಕ್ಕು ಗಾಜು ಏರಿಸಿಕೊಂಡವು.

ದತ್ತಾ ಮೈಕಿನಲ್ಲಿ ಏನೋ ಹೇಳಲು ಹೋದ, ಡೊಳ್ಳಿನಲ್ಲಿ ಮುಳುಗಿಹೋಯಿತು. ಕೊನೆಗೆ ಅವನು ಅಮೋಗಸಿದ್ದನ ಕಾಲು ಎಳೆದು ಕೆಳಗಿಳಿಸಿ, ಅಂಬ್ಯುಲೆನ್ಸಿನ ಹಿಂದೆ ಕರೆದೊಯ್ದು ಕೈಮುಗಿದ. "ದಾದಾ, ಏನೋ ಗಲತ್ ಆಗೇದ. ಎನ್.ಟಿ. ಅಂದ್ರ ನಾನ್-ಟರ್ಬೊ. ಟರ್ಬೊ ಇಲ್ಲದ ಗಾಡಿ. ಜಾತಿಗೂ ಅದಕ್ಕೂ ಸಂಬಂಧ ಇಲ್ಲ, ದೇವರಾಣೆ!"

ಅಮೋಗಸಿದ್ದ ಅಂಬ್ಯುಲೆನ್ಸಿನ ಮರೆಯಿಂದ ಇಣುಕಿ, ಡೊಳ್ಳು ಬಡಿಯುತ್ತಿದ್ದ ಮಂದಿಯನ್ನು ನೋಡಿದ.

ಆ ಗಳಿಗೆಯಲ್ಲಿ ಅವನು ಹೊರಗೆ ಹೋಗಿ "ಮಂದಿಯಾ, ಇದು ನಮ್ಮ ಎನ್.ಟಿ. ಅಲ್ಲ, ಮನಿಗಿ ಹೋಗ್ರಿ" ಎನ್ನಬಹುದಿತ್ತು. ಎಂದಿದ್ದರೆ ಅಷ್ಟೂ ಜನ ಮೊದಲು ನಗುತ್ತಿದ್ದರು, ಆಮೇಲೆ ಕಂಬಳಿ ಕೊಡವಿ ಬಡಿಯುತ್ತಿದ್ದರು. ಕಪ್ಪು ಹೋಗುತ್ತಿತ್ತು. ಕಾರೂ ಹೋಗುತ್ತಿತ್ತು. ಸುಮ್ಮನಿದ್ದರೆ? ಸುಮ್ಮನಿದ್ದರೆ ವರ್ಗ ಮರಳುತ್ತದೆ, ವರ್ಗದಲ್ಲಿ ತಾನೊಬ್ಬನೇ. ದೊಡ್ಡ ದೊಡ್ಡ ಪುಢಾರಿಗಳು ಜೀವಮಾನವೆಲ್ಲ ಮಾಡುವ ಲೆಕ್ಕವನ್ನು ಅಮೋಗಸಿದ್ದ ಅಂಬ್ಯುಲೆನ್ಸಿನ ನೆರಳಿನಲ್ಲಿ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದ.

"ಅದೆಲ್ಲಾ ನನಗೂ ತಿಳೀತರಿ," ಎಂದ ತಗ್ಗಿದ ದನಿಯಲ್ಲಿ. "ಆದ್ರ ಮಂದಿ ಭಾಳ ಸಿಟ್ಟಿನ್ಯಾಗದ. ನಾ ತಡದೀನಂತ ತಡದಾರ. ನೀವು ವರ್ಗ ಹೊಳ್ಳಿ ಚಾಲೂ ಮಾಡ್ರಿ. ಟರ್ಬೊ ಗಿರ್ಬೊ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ."

ದತ್ತಾನಿಗೆ ಜೀವದ ಆಸೆ ಇತ್ತು. ಮೈಕು ಮತ್ತೆ ಕರೆಯಿತು: ಎನ್.ಟಿ. ವರ್ಗ ಮರಳಿ ಸ್ಥಾಪನೆಯಾಗಿದೆ.

ಮಾಳ ಎದ್ದು ಕುಣಿಯಿತು. ಭಂಡಾರ ಹಾರಿ ಬಿಳಿ ಮಾರುತಿ ಹಳದಿಯಾಯಿತು. ಅಮೋಗಸಿದ್ದ ಹೆಗಲುಗಳ ಮೇಲೆ ತೇಲಿದ. ಯಾರೋ ಅವನಿಗೆ ಟವೆಲು ಸುತ್ತಿದರು, ಯಾರೋ ತೆಂಗಿನಕಾಯಿ ಕೊಟ್ಟರು. ಈಗ ಎಲ್ಲರೂ ಮನೆಗೆ ಹೋದರೆ ಸಾಕು ಎಂದು ಅವನು ಮನಸ್ಸಿನಲ್ಲೇ ಬೀರದೇವರಿಗೆ ಹರಕೆ ಹೊರುತ್ತಿದ್ದ.

ಆಗ ಬಂದಿತು ಆ ಗಾಡಿ. ಆನೆಯ ಗಾತ್ರ, ಕಪ್ಪು ಗಾಜು, ಮುಂದೆ ಬಾವುಟ. ಅದರಿಂದ ಸಮಾಜದ ಮುಂದಾಳು ಮಲ್ಲಿನಾಥ ಸಾಹೇಬರು ಇಳಿದರು. ದ್ರಾಕ್ಷಿತೋಟ, ಕೋಲ್ಡ್ ಸ್ಟೋರೇಜು, ಎರಡು ಕಾಲೇಜು. ಇಷ್ಟಿದ್ದರೂ ಭಾಷಣಕ್ಕೆ ಬರುವಾಗ ಹೆಗಲ ಮೇಲೆ ಕಂಬಳಿ ಮರೆಯುವವರಲ್ಲ. ಹೋರಾಟ ಮುಗಿದ ಮೇಲೆ ಬರುವುದು, ಗೆದ್ದಿದ್ದರೆ ಮುಂದೆ ನಿಲ್ಲುವುದು ಅವರ ಪದ್ಧತಿ. ಮೈಕು ತಾನಾಗಿಯೇ ಅವರ ಕೈಗೆ ಹೋಯಿತು.

"ಬಂಧುಗಳೇ! ಹಕ್ಕು ಗಳಿಸಿದ್ರ ಆಗೋದಿಲ್ಲ, ತುಂಬಬೇಕು! ಇವತ್ತ ಎನ್.ಟಿ.ದಾಗ ಒಂದs ಗಾಡಿ ಅದ. ಖಾಲಿ ಬಿಟ್ರ ನಾಳಿಗಿ ಮತ್ತ ಓಪನ್‌ಗೆ ಹಾಕತಾರ. ಗಾಡಿ ಇದ್ದವರೆಲ್ಲಾ ಈಗಿಂದೀಗ ಹೆಸರ ಕೊಡ್ರಿ. ಮೊದಲನೇ ಹೆಸರು, ನಂದು!"

ಅಮೋಗಸಿದ್ದನ ಕೈಯಿಂದ ತೆಂಗಿನಕಾಯಿ ಜಾರಿ ಕಾಲ ಮೇಲೆ ಬಿತ್ತು. ಅವನ ಕೂಗು ಜಯಕಾರದಲ್ಲಿ ಸೇರಿಹೋಯಿತು.

ಟೇಬಲ್ಲಿನ ಮುಂದೆ ರೇಶನ್ ಅಂಗಡಿಯಂಥ ಪಾಳಿ ಹತ್ತಿತು. ವಡಾಪಿನ ಜೀಪು ಎನ್.ಟಿ. ಹಾಲಿನ ಟೆಂಪೊ ಎನ್.ಟಿ. ಟ್ರ್ಯಾಕ್ಟರಿನವನು ಬಂದಾಗ ದತ್ತಾ ಕಣ್ಣೊರೆಸಿಕೊಂಡು ಅದನ್ನೂ ಬರೆದ. ಆನೆಯಂಥ ಗಾಡಿಯ ಸರದಿ ಬಂದಾಗ ಮಾತ್ರ ಅವನೊಳಗಿನ ನ್ಯಾಯ ಒಂದು ಸಲ ಹೊರಳಾಡಿತು.

"ಸಾಹೇಬ, ಇದರಾಗ ಟರ್ಬೊ ಅದ್ರಿ. ಇದು ಎನ್.ಟಿ. ಆಗೂದಿಲ್ರಿ."

ಮಲ್ಲಿನಾಥ ಸಾಹೇಬರು ಜನರ ಕಡೆ ತಿರುಗಿದರು. "ಕೇಳಿದ್ರೇನು? ನಾ ಎನ್.ಟಿ. ಅಲ್ಲಂತ! ಸಾಂಗಲಿಯಿಂದ ಬಂದ ಹುಡುಗ ನನಗ ಹೇಳ್ತಾನ!"

ಗುಡುಗು ಏಳುವ ಮೊದಲೇ ಅಮೋಗಸಿದ್ದ ನಡುವೆ ಹಾರಿದ. ಇಷ್ಟು ಹೊತ್ತು ನುಂಗಿಟ್ಟ ಸತ್ಯ ಈಗ ಅವನಿಗೆ ಅವಸರವಾಗಿ ಬೇಕಾಗಿತ್ತು. "ಸಾಹೇಬ್ರ, ಅಂವ ಖರೇನs ಹೇಳ್ತಾನ್ರಿ. ಎನ್.ಟಿ. ಅಂದ್ರ ನಾನ್-ಟರ್ಬೊ ಅಂತ್ರಿ. ಅದು ಗಾಡಿ ಮಾತು, ಮನಶ್ಯಾರದಲ್ರಿ!"

ಜನ ಅವನನ್ನು ನೋಡಿದ ರೀತಿಯಲ್ಲಿ ಭಂಡಾರವೇ ಬಿಳಿಚಿಕೊಳ್ಳಬೇಕಿತ್ತು.

"ಕ್ಲಬ್ಬಿನವರು ಅಂಬ್ಯುಲೆನ್ಸಿನ ಹಿಂದ ಕರಕೊಂಡ ಹೋಗಿದ್ರು ಇಂವನ್ನ. ನಾ ಕಣ್ಣಾರೆ ನೋಡೀನಿ," ಎಂದನೊಬ್ಬ.

"ಒಂದ ಕಪ್ಪಿಗೆ ಸಮಾಜ ಮಾರಿದೇನೋ?" ಎಂದನಿನ್ನೊಬ್ಬ.

ಶಿದ್ರಾಯ ಅವನ ಟವೆಲು ಹಿಡಿದು ಹಿಂದೆಳೆದ. "ಹುಚ್ಚದಿಯೇನು? ಸಾಹೇಬರ ವ್ಯಾಲಿಡಿಟಿ ನಾನs ಖುದ್ದ ಮಾಡಿಸಿಕೊಟ್ಟೀನಿ. ಅದರಾಗ ಟರ್ಬೊ ಅಂತ ಎಲ್ಲೂ ಬರದಿಲ್ಲ."

ದತ್ತಾ ಬರೆದುಕೊಂಡ: ಮಲ್ಲಿನಾಥ ಸಾಹೇಬರು, ಎನ್.ಟಿ.

ಶರ್ಯತ್ತು ಶುರುವಾಯಿತು. ಹಾಲಿನ ಟೆಂಪೊ ಮೊದಲ ತಿರುವಿನಲ್ಲೇ ಟೊಪ್ಪಿಗೆಗಳನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಮನೆಯ ಕಡೆಗೇ ಹೋಯಿತು. ವಡಾಪಿನ ಜೀಪು, ಒಳಗಿದ್ದ ಜನ ಇಳಿಯಲು ಒಪ್ಪದ್ದರಿಂದ, ಅಷ್ಟೂ ಜನರನ್ನು ಹೊತ್ತು ಓಡಿತು. ನಡುವೆ ಒಬ್ಬಾಕೆ "ನಿಂದರಸ್ರಿ, ಇಲ್ಲೇ ಇಳೀತೀನಿ" ಎಂದಳು, ಚಾಲಕ ಅಭ್ಯಾಸಬಲದಿಂದ ನಿಲ್ಲಿಸಿದ. ಟ್ರ್ಯಾಕ್ಟರು ಮಾಳವನ್ನು ಒಂದು ಸಲ ಉತ್ತಿತು.

ಆಮೇಲೆ ಅಮೋಗಸಿದ್ದ ಹೊರಟ.

ಎಷ್ಟೇ ನಗಾಡಿದರೂ ಇದನ್ನು ಹೇಳಲೇಬೇಕು: ಅವನು ಓಡಿಸಿದ್ದು ನೋಡುವಂತಿತ್ತು. ಬೋಳು ಟೈರುಗಳು ಧೂಳಿನ ಮೇಲೆ ಜಾರುವುದನ್ನೇ ಅವನು ತಿರುವಿಗೆ ಬಳಸಿಕೊಂಡ. ಎಲ್ಲಿ ಮಣ್ಣು ಸಡಿಲ, ಎಲ್ಲಿ ಕೆಳಗೆ ಬಂಡೆ ಎಂದು ಹುಟ್ಟಿದಾಗಿನಿಂದ ಕಾಲಿಗೆ ಗೊತ್ತಿದ್ದ ನೆಲ. ಬಾಲ ಬೀಸಿದ ಟಗರಿನ ಹಾಗೆ ಗಾಡಿ ಹೊರಳಿತು, ನೆಗೆಯಿತು, ಕೆಮ್ಮಿತು. ಒಂದೇ ಒಂದು ಟೊಪ್ಪಿಗೆ ಅಲುಗಲಿಲ್ಲ. ಓಪನ್ ವರ್ಗದ ಹುಡುಗರು ಪಂಜರದಿಂದ ಹೊರಬಂದು ಚಪ್ಪಾಳೆ ತಟ್ಟಿದರು. ಸಿಕಂದರ ಪಾನೆ ಮೇಲೆಸೆದು ಕುಣಿದ. ಎನ್.ಟಿ. ವರ್ಗದಲ್ಲಿ ಅಮೋಗಸಿದ್ದನೇ ಮುಂದು. ಎರಡನೆಯವನ ಧೂಳೂ ಕಾಣುತ್ತಿರಲಿಲ್ಲ.

ಉಳಿದದ್ದು ಒಂದೇ ಗಾಡಿ.

ಸಾಹೇಬರು ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಕೂತರು. ಓಡಿಸಲು ಕೂತವನು ಪುಣೆಯಿಂದ ತರಿಸಿದ ಡ್ರೈವರು. ಅವನ ವರ್ಗ ಯಾವುದೆಂದು ಯಾರೂ ಕೇಳಲಿಲ್ಲ.

"ದೋಸ್ತ, ಆ ಶಿಳ್ಳಿ ಕೇಳ್ದೇನು? ಅದs ಟರ್ಬೊ," ಎಂದ ಸಿಕಂದರ ಮೆಲ್ಲಗೆ.

ಶಿಳ್ಳೆ ಕೇಳುವಷ್ಟರಲ್ಲಿ ಗಾಡಿ ಆಚೆ ತುದಿಯಲ್ಲಿತ್ತು. ಎರಡು ಟೊಪ್ಪಿಗೆ ಉರುಳಿದ್ದವು. ಪಕ್ಕದಲ್ಲಿದ್ದ ಕಾರ್ಯಕರ್ತರು ಓಡಿಹೋಗಿ ಅವನ್ನು ನೆಟ್ಟು, "ಗಾಳಿಗಿ ಬಿದ್ದಾವ್ರಿ" ಎಂದರು. ದತ್ತಾ ಗಾಳಿಯನ್ನು ಒಪ್ಪಿಕೊಂಡ. ಫಲಿತಾಂಶ ಹೇಳುವಾಗ ಅವನು ಅಮೋಗಸಿದ್ದನ ಕಡೆ ನೋಡಲಿಲ್ಲ.

ಮಲ್ಲಿನಾಥ ಸಾಹೇಬರು ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿದರು. "ಬಂಧುಗಳೇ, ಈ ಕಪ್ಪು ನನ್ನದಲ್ಲ! ಇದು ಸಮಾಜದ್ದು!" ಎಂದರು. ಆಮೇಲೆ ಸಮಾಜದ ಕಪ್ಪನ್ನು ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟ್ ಹಾಕಿ, ಗಾಜು ಏರಿಸಿ, ಶಿಳ್ಳೆ ಹೊಡೆಯುತ್ತ ಹೋದರು. ಸಮಾಜ ಹಿಂದೆ ಧೂಳಿನಲ್ಲಿ ನಿಂತು ಜಯಕಾರ ಹಾಕಿತು.

ಹೊತ್ತು ಇಳಿಯುವಾಗ ಹಳದಿ ಮಾರುತಿ ದರಿಬಡಚಿಗೆ ಬಂದಿತು. ಟಾಪು ತಗ್ಗಿತ್ತು, ಪೈಪು ಕಳಚಿ ನೆಲ ಗೀರುತ್ತಿತ್ತು. ಅಮೋಗಸಿದ್ದ ಇಳಿದ. ಹೆಗಲಲ್ಲಿ ಟವೆಲು, ಕೂದಲಲ್ಲಿ ಭಂಡಾರ, ಕೈಯಲ್ಲಿ ಒಡೆದ ತೆಂಗಿನಕಾಯಿ. ಅಕ್ಕವ್ವ, ನಂದಾ, ಬೀರು ಮೂವರೂ ಕಟ್ಟೆಯ ಮೇಲಿದ್ದರು. ಬೀರು ಉಂಡಿದ್ದ, ಆದರೆ ಹೋಗಿರಲಿಲ್ಲ.

"ಕಪ್ಪ ಎಲ್ಲ್ಯದರಿ?" ಎಂದಳು ನಂದಾ.

ಅಮೋಗಸಿದ್ದ ದಾರಿಯುದ್ದಕ್ಕೂ ಹೊಸೆದುಕೊಂಡು ಬಂದಿದ್ದ ಮಾತನ್ನು ಎದೆ ಸೆಟೆಸಿ ಹೇಳಿದ. ದನಿ ಮಾತ್ರ ಕೂಗಿ ಕೂಗಿ ಹರಿದ ತಮಟೆಯಾಗಿತ್ತು. "ನನ್ನ ಹೋರಾಟದಿಂದ ಕಪ್ಪ ಬಂತು ನಂದಾ. ನನಗ ಬ್ಯಾರೆ, ಸಮಾಜಕ್ಕ ಬ್ಯಾರೆ ಅಂತ ಏನದ? ಸಮಾಜಕ್ಕ ಬಂತಂದ್ರ ನನಗ ಬಂದಂಗs."

ನಂದಾ ಒಪ್ಪಿದಳೋ ಎಂಬಂತೆ ತಲೆಯಾಡಿಸಿದಳು. ಅಮೋಗಸಿದ್ದನಿಗೆ ಹೋದ ಜೀವ ಬಂದಂತಾಯಿತು. ಅವಳು ಹತ್ತಿರ ಬಂದು, ಅವನ ಬೆರಳಿನಿಂದ ಕೀಲಿಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಭಾಳ ಚಲೋ ಮಾತ ಹೇಳಿದ್ರಿ. ಮತ್ತ ಗಾಡೀನೂ ಸಮಾಜಕ್ಕs ಹೋಗಲಿ," ಎಂದು ಕೀಲಿಯನ್ನು ತಮ್ಮನ ಕಡೆ ಎಸೆದಳು. "ನಮ್ಮ ಬೀರು ಏನ್ ಓಪನ್‌ದಾಂವೇನ್ರಿ?"

ಅಮೋಗಸಿದ್ದ ಇದು ಅನ್ಯಾಯವೆಂದು ಕೂಗಲು ಕೈ ಎತ್ತಿ ಬಾಯಿ ತೆರೆದ. ಬರೀ ಗಾಳಿ ಹೊರಟಿತು.